ಸುಟ್ಟ ಕಲೆಗೆ ಗಿಡಮೂಲಿಕೆ ಕ್ರೀಮ್ ಕೊಡಿ ಅಂತ ಬರೋರಿಗೆ

ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪ್ ಇಟ್ಕೊಂಡಿರೋಳು ನಾನು. ಅಡಿಕೆ ಕೊಯ್ಲು ಶುರುವಾಯ್ತು ಅಂದ್ರೆ ಸುಟ್ಟ ಗಾಯದ ಮುಲಾಮು ನಾಲ್ಕು ಡಬ್ಬ ಜಾಸ್ತಿ ತರಿಸಿಡ್ಬೇಕು ಅಂತ ನಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಅಂಗಳದಲ್ಲಿ ಅಡಿಕೆ ಬೇಯೋ ಹಂಡೆ, ಪಕ್ಕದಲ್ಲಿ ತೋಡಿಟ್ಟ ಬಿಸಿ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು), ಬೆಳಗಾಗ್ತಿದ್ದಂಗೆ ಬಚ್ಚಲುಮನೆಲಿ ಕುದಿಯೋ ನೀರು, ಆಮೇಲೆ ಆಲೆಮನೆ ಕೊಪ್ಪರಿಗೆ, ಇದರ ಮಧ್ಯೆ ಈಗಷ್ಟೇ ನಡಿಯೋಕೆ ಕಲ್ತ ಮಗು ಓಡಾಡ್ಕೊಂಡಿರತ್ತೆ, ದೊಡ್ಡೋರೆಲ್ಲ ಅಡಿಕೆ ಸುಲಿಯೋದ್ರಲ್ಲಿ ಮುಳುಗಿರ್ತಾರೆ. ಹಂಗಂತ ಹಂಡೆನೇ ಬೇಕು ಅಂತಿಲ್ಲ. ಟೀಪಾಯಿ ತುದಿಲಿಟ್ಟ ಕಾಫಿ ಲೋಟ, ಬಸಿದಿಟ್ಟ ಗಂಜಿ, ಇವಿಷ್ಟಿದ್ರೆ ಸಾಕು. 60 ಡಿಗ್ರಿ ಬಿಸಿ ನೀರು ದೊಡ್ಡೋರ ಚರ್ಮ ಸುಡೋಕೆ 5 ಸೆಕೆಂಡ್ ತಗೊಂಡ್ರೆ ಸಣ್ಣ ಮಕ್ಕಳಿಗೆ ಒಂದೇ ಸೆಕೆಂಡ್ ಸಾಕಂತೆ, ಅವರ ಚರ್ಮ ಅಷ್ಟು ತೆಳು. ಕುದಿಯೋ ನೀರು 100 ಡಿಗ್ರಿ, ಕುದಿಯೋ ಬೆಲ್ಲದ ಪಾಕ ಅದಕ್ಕಿಂತ ಬಿಸಿ, ಸಾಲದ್ದಕ್ಕೆ ಮೈಗೆ ಅಂಟ್ಕೊಂಡು ಕೂರತ್ತೆ.

ಗಾಯ ಆಗಿ ವಾರವೋ ತಿಂಗಳೋ ಆದ್ಮೇಲೆ ಅಮ್ಮಂದ್ರು ಬರ್ತಾರೆ, "ಮೇಡಂ, ಕೆಮಿಕಲ್ ಬೇಡ, ಮಗು ಅಲ್ವಾ, ಗಿಡಮೂಲಿಕೆದು ಯಾವ್ದಾದ್ರೂ ಒಳ್ಳೆ ಕ್ರೀಮ್ ಕೊಡಿ, ಕಲೆ ಹೋಗ್ಬೇಕು". ಇದಕ್ಕೆ ಕೌಂಟರ್ ಮೇಲೆ ನಿಂತ್ಕೊಂಡು ಎರಡು ನಿಮಿಷದಲ್ಲಿ ಉತ್ರ ಹೇಳೋಕೆ ಆಗಲ್ಲ ಮಾರಾಯ್ರೆ, ಹಿಂದೆ ಇನ್ನೂ ಮೂರು ಜನ ಬಿಪಿ ಮಾತ್ರೆಗೆ ನಿಂತಿರ್ತಾರೆ. ಅದಕ್ಕೆ ಇಲ್ಲಿ ಬರ್ದು ಹಾಕ್ತಿದೀನಿ. ನಾನು ಡಾಕ್ಟ್ರಲ್ಲ, ಔಷಧಿ ಓದಿ ಔಷಧಿ ಮಾರೋಳು, ಅದನ್ನ ನೆನಪಿಟ್ಕೊಂಡು ಓದಿ.

ಮೊದಲು ನೀರು. ಕ್ರೀಮ್ ಮಾರೋಳೇ ಹೇಳ್ತಿದೀನಿ ಅಂದ್ರೆ ನಂಬಿ, ಮುಂದೆ ಕಲೆ ಎಷ್ಟು ಉಳಿಯತ್ತೆ ಅನ್ನೋದ್ರಲ್ಲಿ ಯಾವ ಟ್ಯೂಬ್‌ಗಿಂತ ಜಾಸ್ತಿ ಕೈ ಇರೋದು ಆ ಮೊದಲ 20 ನಿಮಿಷದ ನೀರಿಗೆ. ಹರಿಯೋ ತಣ್ಣೀರಿನ ಕೆಳಗೆ 20 ನಿಮಿಷ ಹಿಡೀಬೇಕು, ಸುಮ್ನೆ ಒಂದು ಚೊಂಬು ಸುರಿದು ಬಿಡೋದಲ್ಲ. ಚರ್ಮದ ಒಳಗೆ ಇಳಿದ ಬಿಸಿ ಗಾಯ ಆದ್ಮೇಲೂ ಸುಡ್ತಾನೇ ಇರತ್ತೆ, ನೀರು ಅದನ್ನ ಹೊರಗೆ ಎಳ್ಕೊಳತ್ತೆ. ಗಡಿಬಿಡಿಲಿ ಆಗಿಲ್ಲ ಅಂದ್ರೂ ಸುಟ್ಟು 3 ಗಂಟೆ ಒಳಗೆ ಯಾವಾಗ ಹಿಡಿದ್ರೂ ಪ್ರಯೋಜನ ಇದೆ. ಹೊಸನಗರದ ಒಳಗಿನ ಊರಿಂದ ಆಸ್ಪತ್ರೆಗೆ ಬರೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ನಿಮಗೇ ಗೊತ್ತು, ಮನೆಲಿ ಆಗ್ಲಿಲ್ಲ ಅಂತ ಬಿಟ್ಬಿಡ್ಬೇಡಿ, ದಾರಿಲಿ ಯಾರ ಮನೆ ನಲ್ಲಿ ಸಿಕ್ಕಿದ್ರೂ ಹಿಡೀರಿ. ಐಸ್ ಮಾತ್ರ ಬೇಡ, ಐಸಿಂದ ರಕ್ತ ಓಡಾಟ ಕಮ್ಮಿಯಾಗಿ ಸುಟ್ಟ ಚರ್ಮಕ್ಕೆ ಇನ್ನಷ್ಟು ಪೆಟ್ಟು.

ನಮ್ಮ ಕಡೆಗೆ ಅಂತಲೇ ಒಂದು ಮಾತು ಸೇರಿಸ್ಬೇಕು. ಗುಡ್ಡದಿಂದ ಪೈಪಲ್ಲಿ ಬರೋ ಅಬ್ಬಿ ನೀರು ಆಷಾಢದಲ್ಲಿ ಎಷ್ಟು ಕೊರೀತದೆ ಅಂತ ಗೊತ್ತಲ್ಲ, ಒಂದು ವರ್ಷದ ಮಗೂನ ಇಡೀ ಅದರ ಕೆಳಗೆ 20 ನಿಮಿಷ ಕೂರ್ಸಿದ್ರೆ ಮಗು ಚಳಿಗೆ ಸೆಟೆದು ಹೋಗತ್ತೆ. ಸುಟ್ಟ ಜಾಗಕ್ಕೆ ಮಾತ್ರ ನೀರು, ಉಳಿದ ಮೈಗೆ ಕಂಬಳಿ. ಒದ್ದೆ ಬಟ್ಟೆ, ಬಳೆ, ಉಡಿದಾರ, ಕಾಲ್ಗೆಜ್ಜೆ ಎಲ್ಲ ಬೇಗ ತೆಗೆದ್ಬಿಡಿ, ಆಮೇಲೆ ಊದ್ಕೊಂಡು ತೆಗೆಯೋಕಾಗಲ್ಲ. ಬಟ್ಟೆ ಚರ್ಮಕ್ಕೆ ಅಂಟ್ಕೊಂಡಿದ್ರೆ ಮಾತ್ರ ಎಳೀಬೇಡಿ, ಹಂಗೇ ಬಿಡಿ.

ಇನ್ನು ಪೇಸ್ಟ್, ಕಾಫಿ ಪುಡಿ, ಅರಿಶಿನ, ಬೆಣ್ಣೆ, ಇಂಕು. ಇಂಕು ಅಂದ್ರೆ ಈಗಿನೋರು ನಗ್ತಾರೆ, ನಮ್ಮ ಕಾಲದಲ್ಲಿ ಸ್ಕೂಲಿನ ಇಂಕಿನ ಬಾಟ್ಲಿನೇ ಮನೆಯ ಬರ್ನಾಲ್ ಆಗಿತ್ತು. ಅರಿಶಿನದ ಬಗ್ಗೆ ಜನಕ್ಕೆ ಬೇಜಾರಾಗತ್ತೆ, ಅರಿಶಿನ ಒಳ್ಳೇದಲ್ವಾ ಅಂತಾರೆ. ಒಳ್ಳೇದೇ, ಆದ್ರೆ ಡಬ್ಬದ ಅರಿಶಿನ ಪುಡಿ ಏನು ಕುದಿಸಿ ಶುದ್ಧ ಮಾಡಿದ್ದಲ್ಲ, ಹಸಿ ಗಾಯಕ್ಕೆ ಮೆತ್ತಿದ್ರೆ ಅಲ್ಲೇ ಗಟ್ಟಿಯಾಗಿ ಕೂತ್ಕೊಳತ್ತೆ, ಆಮೇಲೆ ಆಸ್ಪತ್ರೆಲಿ ಡಾಕ್ಟ್ರು ಗಾಯ ಎಷ್ಟು ಆಳ ಇದೆ ಅಂತ ನೋಡ್ಬೇಕು ಅಂದ್ರೆ ಆ ಹಳದಿನೆಲ್ಲ ಮೊದಲು ಉಜ್ಜಿ ತೆಗೀಬೇಕು, ಮಗು ಆಗ ಅಳೋ ಅಳು ಸುಟ್ಟಾಗ ಅತ್ತಿದ್ದಕ್ಕಿಂತ ಜೋರು. ಒಗೆದು ಬಿಸಿಲಲ್ಲಿ ಒಣಗಿಸಿದ ಹತ್ತಿ ಪಂಚೆ ಸಡಿಲವಾಗಿ ಮುಚ್ಚಿ ಕರ್ಕೊಂಡು ಹೋಗಿ, ಅಷ್ಟೇ ಸಾಕು.

ಯಾವುದಕ್ಕೆ ಆಸ್ಪತ್ರೆ ಯಾವುದಕ್ಕೆ ಮನೆ ಅನ್ನೋದು ಇನ್ನೊಂದು. ಮಗೂನ ಅಂಗೈ ಬೆರಳು ಸೇರಿ ಅದರ ಮೈಯ ಸುಮಾರು ಶೇಕಡಾ 1 ಭಾಗ, ಅಳತೆ ಹಿಡಿಯೋಕೆ ಡಾಕ್ಟ್ರುಗಳೂ ಇದನ್ನೇ ಬಳಸ್ತಾರೆ. ಮಗುವಿನ ಅಂಗೈಯಷ್ಟು ಅಗಲ ಇದ್ರೂ ತೋರಿಸಿ. ಮುಖ, ಕೈ, ಪಾದ, ಗುಪ್ತಾಂಗ, ಕೀಲುಗಳ ಮೇಲೆ ಆಗಿದ್ರೆ ಎಷ್ಟೇ ಚಿಕ್ಕದಿದ್ರೂ ತೋರಿಸಿ. ಕರೆಂಟ್ ಹೊಡೆದಿದ್ರೆ, ಆಸಿಡ್ ಬಿದ್ದಿದ್ರೆ ಮಾತೇ ಇಲ್ಲ. ಗಾಯ ಬೆಳ್ಳಗೆ ಚರ್ಮದ ಹಾಳೆ ತರ ಆಗಿ ಮಗು ಅಳ್ತಾನೇ ಇಲ್ಲ ಅಂದ್ರೆ ಸಮಾಧಾನ ಪಟ್ಕೋಬೇಡಿ, ನರಾನೂ ಸುಟ್ಟಿದೆ ಅಂತ ಅರ್ಥ. ಮೈಯ ಶೇಕಡಾ 10ಕ್ಕಿಂತ ಜಾಸ್ತಿ ಸುಟ್ಟ ಮಕ್ಕಳಿಗೆ ಡ್ರಿಪ್ ಬೇಕಾಗತ್ತೆ, ಅವರು ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೇ ಹೋಗ್ಬೇಕು, 108ಕ್ಕೆ ಫೋನ್ ಮಾಡಿ.

ಈಗ ಗಿಡದ ವಿಷ್ಯಕ್ಕೆ ಬರ್ತೀನಿ.

ಗಾಯ ಇನ್ನೂ ಬಾಯಿ ಬಿಟ್ಕೊಂಡಿರುವಾಗ ಹಿತ್ತಲ ಗಿಡ ಯಾವುದೂ ಬೇಡ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಗಿಡದಲ್ಲಿ ಗುಣ ಇಲ್ಲ ಅಂತಲ್ಲ. ಮುಂಬೈನ ಡಾಕ್ಟ್ರುಗಳು ಬಾಳೆಎಲೆನ ಸುಟ್ಟ ಗಾಯದ ಡ್ರೆಸ್ಸಿಂಗ್ ಆಗಿ ಬಳಸಿ ನೋಡಿ 2003ರಲ್ಲಿ ಅದರ ಫಲಿತಾಂಶ ಪ್ರಕಟ ಮಾಡಿದಾರೆ, ಎಲೆ ಮೇಣದ ಹಾಗೆ ನುಣ್ಣಗಿರೋದ್ರಿಂದ ಗಾಯಕ್ಕೆ ಅಂಟಲ್ಲ, ಡ್ರೆಸ್ಸಿಂಗ್ ಬಿಚ್ಚುವಾಗ ನೋವೇ ಇಲ್ಲ ಅನ್ನೋಷ್ಟು ಕಮ್ಮಿ, ಖರ್ಚೂ ಕಮ್ಮಿ. ನಮ್ಮಜ್ಜಿ ಸಿಡುಬು ಎದ್ದ ಮಕ್ಕಳನ್ನ ಕುಡಿ ಬಾಳೆಎಲೆ ಮೇಲೆ ಮಲಗಿಸ್ತಿದ್ದದ್ದು ಸುಮ್ನೆ ಅಲ್ಲ ಅಂತ ಅದನ್ನ ಓದ್ದಾಗ ಖುಷಿಯಾಯ್ತು. ಆದ್ರೆ ಅವರು ಎಲೆನ ಆಸ್ಪತ್ರೆಲಿ ಶುದ್ಧ ಮಾಡಿ ಬಳಸಿದ್ದು. ತೋಟದಿಂದ ಕುಯ್ಕೊಂಡು ಬಂದು ನೀರಲ್ಲಿ ತೊಳೆದ ಎಲೆಗೂ ಅದಕ್ಕೂ ಸಂಬಂಧ ಇಲ್ಲ, ಸುಟ್ಟ ಗಾಯದಲ್ಲಿ ಕೀವಾಯ್ತು ಅಂದ್ರೆ ಮೇಲ್ಮೇಲೆ ಸುಟ್ಟಿದ್ದೂ ಆಳದ ಗಾಯ ಆಗತ್ತೆ, ಆಳದ ಗಾಯ ಅಂದ್ರೆ ಕಲೆ ಖಾಯಂ.

ಲೋಳೆಸರದ ಬಗ್ಗೆ ಕೇಳೋರೇ ಜಾಸ್ತಿ. 2007ರಲ್ಲಿ ಥಾಯ್ಲೆಂಡಿನ ಸಂಶೋಧಕರು ಅಲ್ಲೀವರೆಗಿನ ನಾಲ್ಕು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಲೋಳೆಸರ ಬಳಸಿದೋರ ಗಾಯ ಸರಾಸರಿ 9 ದಿನ ಬೇಗ ಮಾಯ್ತು ಅಂತ ಬಂತು. ಕೇಳೋಕೆ ಭಾರೀ ಚೆನ್ನಾಗಿದೆ, ಆದ್ರೆ ಒಬ್ಬರು ಹಸಿ ಲೋಳೆ ಹಚ್ಚಿದ್ರೆ ಇನ್ನೊಬ್ಬರು ಕ್ರೀಮು, ಹಾಗಾಗಿ ಅವರೂ ಅದನ್ನೇ ಗಟ್ಟಿ ಮಾಡಿ ಹೇಳಿಲ್ಲ. ಬಿಸಿಲಿಗೆ ಕೆಂಪಾಗಿದ್ದು, ಕಾವಲಿ ಚುರ್ ಅಂದು ಬರೀ ಕೆಂಪಾಗಿದ್ದು, ಗುಳ್ಳೆ ಇಲ್ಲ ಚರ್ಮ ಕಿತ್ತಿಲ್ಲ ಅಂದ್ರೆ ನೀರು ಹಿಡಿದಾದ್ಮೇಲೆ ಲೋಳೆಸರ ಧಾರಾಳವಾಗಿ ಹಚ್ಚಿ. ಎಲೆ ಕುಯ್ದ ತಕ್ಷಣ ಹಚ್ಚಬೇಡಿ, ಬುಡದಿಂದ ಒಂದು ಹಳದಿ ರಸ ಸೋರತ್ತೆ, ಅದು ಕೆಲವು ಮಕ್ಕಳಿಗೆ ತುರಿಕೆ ತರತ್ತೆ, ಎಲೆನ ನಿಲ್ಲಿಸಿ ಅದು ಪೂರ್ತಿ ಇಳಿದ್ಮೇಲೆ ಒಳಗಿನ ತಿಳಿ ತಗೊಳ್ಳಿ. ಅಂದಹಾಗೆ ಆ ತಿಳಿಗೆ ಬಣ್ಣ ಇಲ್ಲ. ಅಂಗಡಿಲಿ ಪಚ್ಚೆ ಹಸಿರು ಜೆಲ್ ಇರತ್ತಲ್ಲ, ಆ ಹಸಿರು ಕಂಪನಿಯೋರು ಹಾಕಿದ್ದು.

ಗಾಯಕ್ಕೆ ಅಂತ ಆಸ್ಪತ್ರೆಲಿ ಬರ್ಕೊಡೋ ಬಿಳಿ ಮುಲಾಮು ಇದೆಯಲ್ಲ, ಸಿಲ್ವರ್ ಸಲ್ಫಾಡಯಾಝಿನ್, ಅದನ್ನೂ ನೀವಾಗೇ ತಗೊಂಡು ಹೋಗಿ ಹಚ್ಚಬೇಡಿ. 2 ತಿಂಗಳೊಳಗಿನ ಕೂಸಿಗೆ ಅದು ಆಗಲ್ಲ, ಸಲ್ಫಾ ಗುಂಪಿನ ಔಷಧಿ ಅಲರ್ಜಿ ಇರೋರಿಗೆ ಆಗಲ್ಲ, ಮೇಲ್ಮೇಲಿನ ಗಾಯ ಮಾಯೋದನ್ನ ಅದೇ ನಿಧಾನ ಮಾಡತ್ತೆ ಅಂತ ಈಗ ಎಲ್ಲದಕ್ಕೂ ಅದನ್ನ ಹಚ್ಚೋದು ಬಿಡ್ತಿದಾರೆ.

ಆಯುರ್ವೇದದ್ದು ಆದ್ರೆ ಪರವಾಗಿಲ್ವಾ ಅಂತ ಜಾತ್ಯಾದಿ ತೈಲ ಕೇಳ್ತಾರೆ. ಹಳೇ ಔಷಧಿ, ಹುಣ್ಣಿಗೆ ಒಳ್ಳೆ ಹೆಸರಿದೆ, ಆದ್ರೆ ಲೇಬಲ್ ತಿರುಗ್ಸಿ ಓದಿ, ಬೇವು ಅರಿಶಿನದ ಜೊತೆ ತುತ್ಥ ಅಂತ ಇರತ್ತೆ. ತುತ್ಥ ಅಂದ್ರೆ ಮೈಲುತುತ್ತ ಕಣ್ರೀ, ಕೊಳೆರೋಗಕ್ಕೆ ಸುಣ್ಣದ ಜೊತೆ ಕಲ್ಸಿ ಅಡಿಕೆ ಗೊನೆಗೆ ಹೊಡೀತೀವಲ್ಲ ಬೋರ್ಡೋ ದ್ರಾವಣ, ಅದರಲ್ಲಿರೋದೇ. ಇದನ್ನ ಹೇಳ್ದಾಗ ಒಬ್ರು ಯಜಮಾನ್ರು ಬಾಟ್ಲಿನ ಕೌಂಟರ್ ಮೇಲೆ ಇಟ್ಟು ನನ್ನನ್ನೇ ನೋಡ್ತಾ ನಿಂತ್ರು. ವಿಷ ಅಂತಲ್ಲ, ಪ್ರಮಾಣ ನೋಡಿ ಶುದ್ಧಿ ಮಾಡಿ ಹಾಕಿರ್ತಾರೆ, ಗಿಡಮೂಲಿಕೆ ಅಂತ ಕೊಂಡ ಬಾಟ್ಲಿಲಿ ಬರೀ ಗಿಡ ಇರಲ್ಲ ಅಂತ ತಿಳ್ಕೊಂಡಿರಿ ಅಷ್ಟೇ, ಸಣ್ಣ ಮಗುವಿನ ಅಗಲ ಗಾಯಕ್ಕೆ ವೈದ್ಯರನ್ನ ಕೇಳದೆ ಸುರೀಬೇಡಿ.

ಗಾಯ ಪೂರ್ತಿ ಮುಚ್ಕೊಂಡು, ಹಕ್ಕಳೆ ಉದುರಿ, ಹೊಸ ಗುಲಾಬಿ ಚರ್ಮ ಬಂದ್ಮೇಲೆ ಗಿಡಗಳ ಸರದಿ. ಆಗ ನಾನೇ ಕೊಡ್ತೀನಿ. ಆದ್ರೆ ಕಲೆ ತಾನಾಗೇ ಏನು ಮಾಡತ್ತೆ ಅಂತ ಮೊದಲು ಗೊತ್ತಿರ್ಬೇಕು, ಇಲ್ಲಾಂದ್ರೆ ಎಲ್ಲಾ ಕ್ರೀಮೂ ಪವಾಡ ಅನ್ಸತ್ತೆ. ಎರಡು ವಾರದೊಳಗೆ ಮಾಯ್ದ ಗಾಯಕ್ಕೆ ಉಬ್ಬು ಕಲೆ ಬರೋದು ಕಮ್ಮಿ. ಮೂರು ವಾರ ದಾಟ್ತು ಅಂದ್ರೆ ದಪ್ಪಗೆ ಉಬ್ಬೋ ಸಾಧ್ಯತೆ ಜಾಸ್ತಿ. ಉಬ್ಬಿದ ಕಲೆ ಮೊದಲ ಕೆಲವು ತಿಂಗಳು ಕೆಂಪಾಗಿ ಗಟ್ಟಿಯಾಗಿ ತುರಿಸ್ತಾ ಹೆಚ್ಚಾಗ್ತಾ ಹೋಗತ್ತೆ, ಅಮ್ಮಂದ್ರು ಗಾಬರಿ ಬಿದ್ದು ಅಂಗಡಿಗೆ ಬರೋದು ಆಗಲೇ, ಆಮೇಲೆ ಒಂದು ವರ್ಷ ಒಂದೂವರೆ ವರ್ಷದಲ್ಲಿ ಅದೇ ನಿಧಾನಕ್ಕೆ ಮೆತ್ತಗಾಗ್ತಾ ಬಣ್ಣ ಇಳಿಸ್ಕೊಳತ್ತೆ. ಆರನೇ ತಿಂಗಳಲ್ಲಿ ಯಾವ ಕ್ರೀಮ್ ಶುರು ಮಾಡಿರ್ತೀರೋ ಅದಕ್ಕೆ ಹೆಸರು ಬರತ್ತೆ. ಪಕ್ಕದ ಮನೆಯೋರಿಗೂ ಅದನ್ನೇ ಹೇಳ್ತೀರ. ನಂಗೆ ವ್ಯಾಪಾರ. ಮೇಲ್ಮೇಲೆ ಸುಟ್ಟು ಬರೀ ಬಿಳಿ ಅಥ್ವಾ ಕಪ್ಪು ಮಚ್ಚೆ ಉಳಿದಿದ್ರಂತೂ ತಿಂಗಳು ಕಳೆದಂಗೆ ಬಹಳಷ್ಟು ಮಕ್ಕಳಲ್ಲಿ ಬಣ್ಣ ತಾನೇ ಸೇರ್ಕೊಳತ್ತೆ.

ಹಾಗಿದ್ರೂ ಒಂದೆಲಗಕ್ಕೆ ನಾನು ಮರ್ಯಾದೆ ಕೊಡ್ತೀನಿ. ನಮ್ಮ ಗದ್ದೆ ಅಂಚಲ್ಲಿ, ತೋಟದ ಬಸಿಗಾಲುವೆ ಪಕ್ಕ ಹಬ್ಬೋ, ನಾವು ತಂಬುಳಿ ಮಾಡ್ಕೊಂಡು ಉಣ್ಣೋ ಅದೇ ಒಂದೆಲಗ. ಅದರಲ್ಲಿ ಏಷಿಯಾಟಿಕೋಸೈಡ್, ಮ್ಯಾಡೆಕಾಸೋಸೈಡ್ ಅನ್ನೋ ಅಂಶಗಳಿವೆ, ಚರ್ಮ ಹೊಸದಾಗಿ ಕೊಲಾಜನ್ (ಚರ್ಮಕ್ಕೆ ಗಟ್ಟಿತನ ಕೊಡೋ ಪ್ರೋಟೀನು) ಕಟ್ಕೊಳ್ಳೋಕೆ ಇವು ಸಹಾಯ ಮಾಡ್ತವೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ, ವಿದೇಶದ ದುಬಾರಿ ಕಲೆ ಕ್ರೀಮ್‌ಗಳ ಲೇಬಲ್‌ಲಿ ಸೆಂಟೆಲ್ಲಾ ಏಷಿಯಾಟಿಕಾ ಅಂತ ಬರೆದಿರೋದು ಇದನ್ನೇ. ಹಂಗಂತ ಎಲೆ ಅರೆದು ಮಗುವಿನ ಕೆನ್ನೆಗೆ ಮೆತ್ತಿದ್ರೆ ಅದೇ ಕೆಲ್ಸ ಆಗಲ್ಲ, ಕ್ರೀಮ್‌ಲಿ ಸಾರ ತೆಗೆದು ಇಂತಿಷ್ಟು ಅಂತ ಅಳೆದು ಹಾಕಿರ್ತಾರೆ, ಜೊತೆಗೆ ಕೆಲವರಿಗೆ ಒಂದೆಲಗ ಹಚ್ಚಿದ್ರೆ ಅಲರ್ಜಿ ಬರೋದೂ ಇದೆ. ಯಾವುದೇ ಹೊಸ ಕ್ರೀಮ್ ಆಗ್ಲಿ, ಮೊದಲು ಮೊಣಕೈ ಒಳಭಾಗದಲ್ಲಿ ಒಂದು ಚೂರು ಹಚ್ಚಿ ಎರಡು ದಿನ ನೋಡಿ. ತಂಬುಳಿ ಮಾತ್ರ ನಿಶ್ಚಿಂತೆಯಾಗಿ ಮಾಡ್ಕೊಳ್ಳಿ.

ಈರುಳ್ಳಿ ಸಾರದ ಜೆಲ್‌ಗೆ ಜಾಹೀರಾತು ಜಾಸ್ತಿ. ಬರೀ ವ್ಯಾಸಲೀನ್ ಹಚ್ಚಿದ್ದಕ್ಕಿಂತ ಹೆಚ್ಚೇನೂ ಆಗ್ಲಿಲ್ಲ ಅಂದ ಅಧ್ಯಯನಗಳೂ ಇವೆ, ಸ್ವಲ್ಪ ಉಪಯೋಗ ಆಯ್ತು ಅಂದವೂ ಇವೆ. ದುಡ್ಡಿಗೆ ತಕ್ಕಂಗಿಲ್ಲ ಅಂತ ನನ್ನ ಲೆಕ್ಕ. ಕ್ಯಾಲೆಂಡುಲಾ ಅಂತ ಬರ್ದಿರೋ ಕ್ರೀಮ್ ನೋಡಿ ಹಬ್ಬಕ್ಕೆ ತರೋ ಚೆಂಡುಹೂವು ಅರೆದು ಹಚ್ಚಿದೋರಿದಾರೆ, ಅದು ಬೇರೆ ಗಿಡ, ಇದು ಬೇರೆ ಗಿಡ.

ನಿಜ ಹೇಳ್ಬೇಕು ಅಂದ್ರೆ ಉಬ್ಬಿದ ಕಲೆಗೆ ಡಾಕ್ಟ್ರುಗಳು ಮೊದಲು ಹೇಳೋದು ಯಾವ ಗಿಡಾನೂ ಅಲ್ಲ, ಸಿಲಿಕಾನ್. ಜೆಲ್ ಆಗಿನೂ ಸಿಗತ್ತೆ, ತೆಳು ಹಾಳೆ ಆಗಿನೂ ಸಿಗತ್ತೆ, ಹಾಳೆ ಆದ್ರೆ ದಿನಕ್ಕೆ 12 ಗಂಟೆಗಿಂತ ಹೆಚ್ಚು, ತಿಂಗಳುಗಟ್ಟಲೆ ಹಾಕಿಡ್ಬೇಕು. ನಮ್ಮ ಮಳೆಗಾಲದ ತೇವಕ್ಕೆ ಹಾಳೆ ಕೆಳಗೆ ಬೆವರು ನಿಂತು ಬೊಕ್ಕೆ ಏಳತ್ತೆ, ದಿನಾ ತೆಗೆದು ಚರ್ಮನೂ ಹಾಳೆನೂ ತೊಳೆದು ಒಣಗಿಸಿ ಹಾಕಿದ್ರೆ ಮಾತ್ರ ಸರಿ. ಇದನ್ನ ಕೇಳಿ ಅರ್ಧ ಜನ "ಬೇಡ ಬಿಡಿ, ಗಿಡಮೂಲಿಕೆದೇ ಕೊಡಿ" ಅಂತಾರೆ.

ಇನ್ನೊಂದು ಚಿಕಿತ್ಸೆ ಪುಕ್ಕಟೆ, ಅದೇ ತಿಕ್ಕೋದು. ಗಾಯ ಗಟ್ಟಿಯಾಗಿ ಮುಚ್ಚಿದ ಮೇಲೆ ಡಾಕ್ಟ್ರು ಸೈ ಅಂದ್ರೆ ದಿನಕ್ಕೆ ಎರಡು ಮೂರು ಸಲ, ಸಲಕ್ಕೆ ಐದು ಹತ್ತು ನಿಮಿಷ, ಬೆರಳ ತುದಿಲಿ ಕಲೆ ಬಿಳಿಚಿಕೊಳ್ಳೋಷ್ಟು ಒತ್ತಿ ಸುತ್ತುಸುತ್ತಾಗಿ ತಿಕ್ಕಬೇಕು. ಸುಟ್ಟ ಜಾಗದಲ್ಲಿ ಎಣ್ಣೆ ಒಸರೋ ಗ್ರಂಥಿಗಳು ಹೋಗಿರತ್ವೆ, ಚರ್ಮ ಒಣಗಿ ಬಿರಿದು ತುರಿಸತ್ತೆ, ಹಾಗಾಗಿ ಜಾರೋಕೆ ಏನಾದ್ರೂ ಬೇಕು. ಇಲ್ಲಿ ನಮ್ಮ ಮನೆಯದ್ದೆಲ್ಲ ಕೆಲಸಕ್ಕೆ ಬರತ್ತೆ, ವಾಸನೆ ಬಣ್ಣ ಹಾಕದ ಕೊಬ್ಬರಿ ಎಣ್ಣೆ, ಚಳಿಗಾಲದಲ್ಲಿ ತುಟಿಗೂ ಹಿಮ್ಮಡಿಗೂ ಹಚ್ಕೊಳ್ಳೋ ಮುರುಗಲ ತುಪ್ಪ ಕರಗಿಸಿ ಎಣ್ಣೆ ಬೆರೆಸಿದ್ದು, ಪುರುಸೊತ್ತಿದ್ರೆ ಶತಧೌತ ಘೃತ, ಅಂದ್ರೆ ತಾಮ್ರದ ಪಾತ್ರೆಲಿ ತುಪ್ಪನ ನೂರು ಸಲ ನೀರಲ್ಲಿ ತೊಳೆದು ಬೆಣ್ಣೆ ತರ ಮಾಡೋದು, ನನಗೆ ಅಷ್ಟು ತಾಳ್ಮೆ ಇಲ್ಲ. ಕಲೆ ಮೆತ್ತಗಾಗೋದು ಹೆಚ್ಚಾಗಿ ಕೈಯಿಂದ, ಎಣ್ಣೆ ಯಾವುದಾದ್ರೂ ನಡಿಯತ್ತೆ. ಅಜ್ಜಿಯರಿಗೆ ಈ ಕೆಲ್ಸ ಕೊಡಿ, ಎಣ್ಣೆನೀರು ಹಾಕಿ ಅಭ್ಯಾಸ ಇರೋ ಕೈಗಳು ಅವು.

ಗಿಡ ಅಂದ್ರೆ ಸೌಮ್ಯ ಅಂತ ತಿಳ್ಕೊಂಡಿರೋರಿಗೆ ಕರಿಗೇರು ನೆನಪು ಮಾಡ್ತೀನಿ, ಅದರ ಎಣ್ಣೆ ಮೈಗೆ ತಾಗಿದ್ರೆ ಸುಟ್ಟಂಗೇ ಗುಳ್ಳೆ ಎದ್ದು ಕಲೆ ಕೂರತ್ತೆ, ಅಪ್ಪಟ ಕಾಡಿನ ಮರ ಅದು. ನಿಂಬೆಹಣ್ಣೂ ಕಮ್ಮಿ ಇಲ್ಲ. ಕಲೆ ತಿಳಿಯಾಗ್ಲಿ ಅಂತ ನಿಂಬೆರಸ ಹಚ್ಚಿ ಮಗೂನ ಬಿಸಿಲಿಗೆ ಬಿಟ್ರೆ ಆ ರಸ ಬಿಸಿಲಿನ ಜೊತೆ ಸೇರಿ ಚರ್ಮನೇ ಸುಡತ್ತೆ, ಮೊದಲಿಗಿಂತ ಕಪ್ಪಾಗತ್ತೆ. ಹೊಸ ಕಲೆಗೆ ಬಿಸಿಲೇ ಶತ್ರು, ತುಂಬು ತೋಳಿನ ಅಂಗಿ ಹಾಕ್ಸಿ, ಆರು ತಿಂಗಳು ದಾಟಿದ ಮಕ್ಕಳಿಗೆ ಸನ್‌ಸ್ಕ್ರೀನ್ ಹಚ್ಚಬಹುದು.

ಅದಕ್ಕಿಂತ ನಂಗೆ ಹೆದರಿಕೆ ಹುಟ್ಟಿಸೋದು ಲೇಬಲ್ಲೇ ಇಲ್ಲದ ಡಬ್ಬಗಳು. ಸಂತೆಲಿ, ವಾಟ್ಸಾಪಲ್ಲಿ, ಯಾರೋ ಪರಿಚಯದೋರು ಮನೇಲೇ ಮಾಡಿದ್ದು ಅಂತ ಬರತ್ವೆ, ಹಚ್ಚಿದ ವಾರಕ್ಕೇ ಕಲೆ ಬೆಳ್ಳಗಾಗ್ತದೆ. ವಾರದಲ್ಲಿ ಬೆಳ್ಳಗಾಯ್ತು ಅಂದ್ರೆ ಅನುಮಾನ ಪಡಿ. ಕೇರಳದ ಮಲಪ್ಪುರಂ ಜಿಲ್ಲೆಲಿ 2023ರಲ್ಲಿ ಬಿಳಿಯಾಗೋ ಕ್ರೀಮ್ ಹಚ್ಚಿದೋರಿಗೆ ಕಿಡ್ನಿ ಕಾಯಿಲೆ ಬಂದು, ಕ್ರೀಮ್ ಪರೀಕ್ಷೆ ಮಾಡಿದ್ರೆ ಪಾದರಸ ಸಿಕ್ಕಿತ್ತು. ಇನ್ನು ಕೆಲವದರಲ್ಲಿ ಸ್ಟಿರಾಯ್ಡ್ ಇರತ್ತೆ, ಮಕ್ಕಳ ತೆಳು ಚರ್ಮ ಅದರಿಂದ ಇನ್ನೂ ತೆಳುವಾಗಿ ಒಳಗಿನ ರಕ್ತನಾಳ ಕಾಣೋ ಹಾಗಾಗತ್ತೆ. ಸ್ಟಿರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರ್ದು ಅಂತ 2018ರಲ್ಲೇ ನಿಯಮ ಬಂದಿದೆ, ಆದ್ರೂ ಟ್ಯೂಬಿನ ರಟ್ಟು ತೋರ್ಸಿ "ಇದೇ ಕೊಡಿ, ಪಕ್ಕದೋರಿಗೆ ವಾಸಿ ಆಯ್ತು" ಅಂತ ಬಂದೋರನ್ನ ವಾಪಸ್ ಕಳ್ಸಿ ನಾನು ಊರಲ್ಲಿ ಜಂಬದೋಳು ಅನ್ನಿಸ್ಕೊಂಡಿದೀನಿ. ಆಯುರ್ವೇದದ ಔಷಧಿ ಆದ್ರೆ ತಯಾರಿಕೆ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಯಾವುದು ಎಷ್ಟು ಅಂತ ಪ್ರಮಾಣ ಬರೆದಿರ್ಬೇಕು. ಕಾಸ್ಮೆಟಿಕ್ ಆದ್ರೆ ಜಾಸ್ತಿ ಇರೋದು ಮೊದಲು ಬರತ್ತೆ, ಲೋಳೆಸರ ಕ್ರೀಮ್ ಅಂತ ಹೆಸರಿದ್ದು ಪಟ್ಟಿಲಿ ಲೋಳೆಸರ ಕೊನೇ ಸಾಲಲ್ಲಿದ್ರೆ ಅದರಲ್ಲಿರೋದು ಹೆಸರಿಗಷ್ಟೇ.

ಹೆಣ್ಣು ಮಗುವಿನ ಕೆನ್ನೆ ಮೇಲೆ ಬೊಟ್ಟಿನಷ್ಟು ಕಲೆ ಇದ್ರೆ, ಮುಂದೆ ಮದುವೆಗೆ ತೊಂದ್ರೆ ಆಗ್ಬಾರ್ದು ಅಂತ ಶಿವಮೊಗ್ಗ ಬೆಂಗಳೂರು ಎಲ್ಲ ತಿರುಗ್ತಾರೆ. ಅದೇ ಗಂಡು ಹುಡುಗ ಕಾವಲಿ ಮೇಲೆ ಅಂಗೈ ಊರಿ, ಗಾಯ ಮಾಯ್ದು, ಬೆರಳು ಎರಡು ಒಳಗೆ ಮಡಚ್ಕೊಂಡಿದ್ರೆ "ಕಲೆ ಒಳಗಡೆ ಅಲ್ವಾ, ಕಾಣಲ್ಲ" ಅಂತ ಸುಮ್ನಿರ್ತಾರೆ. ಇದು ನಂಗೆ ಅರ್ಥನೇ ಆಗಲ್ಲ. ಕಲೆಯ ಚರ್ಮ ಒಳಗೊಳಗೇ ಬಿಗೀತಾ ಹೋಗತ್ತೆ, ಮಗು ಬೆಳೆದಂಗೆ ಜೊತೆಗೆ ಬೆಳೆಯಲ್ಲ, ಬೆರಳು ಮೊಣಕೈ ಕುತ್ತಿಗೆ ಕಂಕುಳು ಇಂಥ ಕಡೆ ಎಳ್ಕೊಂಡು ನಿಂತ್ಬಿಡತ್ತೆ, ಅದಕ್ಕೆ ಒಂದೆಲಗವೂ ಇಲ್ಲ ಸಿಲಿಕಾನೂ ಇಲ್ಲ, ಶುರುವಿಂದಲೇ ಪಟ್ಟಿ ಕಟ್ಟಿ ಬೆರಳು ನೇರ ಇಡ್ಬೇಕು, ಫಿಸಿಯೋಥೆರಪಿ ಮಾಡಿಸ್ಬೇಕು, ಬಿಟ್ರೆ ಆಪರೇಷನ್ನೇ. ಮಗು ಲೋಟ ಹಿಡಿಯೋವಾಗ, ಬಟನ್ ಹಾಕೋವಾಗ ಕೈ ಹೇಗೆ ಬಳಸತ್ತೆ ನೋಡಿ, ಕುತ್ತಿಗೆ ಸುಟ್ಟಿದ್ರೆ ಆಕಾಶ ತೋರ್ಸಿ ಪೂರ್ತಿ ತಲೆ ಎತ್ತತ್ತಾ ಅಂತ ನೋಡಿ, ಸ್ವಲ್ಪ ಅನುಮಾನ ಬಂದ್ರೂ ಪ್ಲಾಸ್ಟಿಕ್ ಸರ್ಜನ್ ಹತ್ರ ಹೋಗಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಲಿ ಸುಟ್ಟ ಗಾಯಕ್ಕೆ ಅಂತಲೇ ಬೇರೆ ವಿಭಾಗ ಇದೆ.

ಹೋಗುವಾಗ ಮನೇಲಿ ಹಚ್ಚಿದ್ದೆಲ್ಲ ಚೀಲಕ್ಕೆ ಹಾಕ್ಕೊಂಡು ಹೋಗಿ, ಟ್ಯೂಬು, ತೈಲದ ಬಾಟ್ಲಿ, ನಾಟಿ ಔಷಧಿಯೋರು ಕೊಟ್ಟ ಪೊಟ್ಟಣ, ಎಲ್ಲಾ. ಬೈತಾರೆ ಅಂತ ಮುಚ್ಚಿಡ್ಬೇಡಿ. ಬೈದ್ರೆ ಬೈಸ್ಕೊಳ್ಳಿ, ಏನು ಹಚ್ಚಿದೀರ ಅಂತ ಗೊತ್ತಾದ್ರೆ ಮುಂದೇನು ಹಚ್ಬೇಕು ಅಂತ ಅವರು ಸರಿಯಾಗಿ ಹೇಳ್ತಾರೆ, ಆ ಚೀಟಿ ಹಿಡ್ಕೊಂಡು ನನ್ನ ಅಂಗಡಿಗೇ ಬರ್ಬೇಕು ಅಂತೇನಿಲ್ಲ, ಎಲ್ಲಿ ಬೇಕಾದ್ರೂ ತಗೊಳ್ಳಿ.